ಕಾಲ್ಬೆರಳು ಸುಳ್ಳು ಹೇಳುವುದಿಲ್ಲ

ನಮ್ಮ ಕಾಕುವಿನ ಎದುರು ಯಾರೂ ಚಪ್ಪಲಿ ಬಿಚ್ಚಬಾರದು. ಬಿಚ್ಚಿದರೋ, ಕೆಟ್ಟರು! ನಮ್ಮ ಮನೆತನಕ್ಕೆ ಬರುವ ಹೊಸ ಸೊಸೆಯರಿಗೂ ಅಳಿಯಂದಿರಿಗೂ ಮೊಟ್ಟಮೊದಲು ಕಿವಿಯಲ್ಲಿ ಹೇಳುವ ಮಾತು ಇದು. ಹೇಳಿ ಏನು ಬಂತು? ಖಾನಾಪುರದ ಆ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಹೊಸ್ತಿಲ ಹೊರಗೆ ಬಿಚ್ಚಿ ಒಳಗೆ ಕಾಲಿಟ್ಟರೆ ಎದುರಿಗೇ ಪಡಸಾಲೆಯ ಕಂಬಕ್ಕೆ ಒರಗಿ ಕಾಕು ಕೂತಿರುತ್ತಾಳೆ. ಬಂದವರ ಮುಖವನ್ನು ಅವಳು ಆಮೇಲೆ ನೋಡುತ್ತಾಳೆ. ಮೊದಲು ನೋಡುವುದು ಕಾಲ್ಬೆರಳು.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಜ್ಯೋತಿಷಿಗಳು ಅಂಗೈ ನೋಡಿ ನಿಮ್ಮ ಮದುವೆ, ಮಕ್ಕಳು, ಆಯುಷ್ಯ ಎಲ್ಲವನ್ನೂ ಹೇಳಿ ದಕ್ಷಿಣೆ ಕೇಳುತ್ತಾರೆ. ನಮ್ಮ ಕಾಕು ಕಾಲ್ಬೆರಳು ನೋಡಿ ಒಂದೇ ಒಂದು ವಿಷಯ ಹೇಳುತ್ತಾಳೆ: ನೀವು ಯಾವುದರ ಮೇಲೆ ಹತ್ತಬಹುದು, ಯಾವುದರ ಮೇಲೆ ಹತ್ತಬಾರದು. ಜೋಕಾಲಿ, ದೋಣಿ, ಘಟ್ಟದ ಬಸ್ಸು, ಜಾತ್ರೆಯ ತಿರುಗುವ ತೊಟ್ಟಿಲು, ಆಸ್ಪತ್ರೆಯ ಲಿಫ್ಟು, ಒಟ್ಟಿನಲ್ಲಿ ಅಲುಗಾಡುವ ವಸ್ತು ಯಾವುದೇ ಇರಲಿ, ಅವಳ ತೀರ್ಪು ಎರಡೇ. "ನಿನಗ ಆಗತೈತಿ." ಇಲ್ಲವೇ, "ನಿನಗ ಆಗಂಗಿಲ್ಲ." ಅಲ್ಲಿಗೆ ಮುಗಿಯಿತು. ಅದರ ಮೇಲೆ ಅಪೀಲು ಇಲ್ಲ!

ಪರೀಕ್ಷೆಯ ಕ್ರಮ ಹೀಗಿದೆ. ಕಾಕುವಿನ ಪಡಸಾಲೆಯಲ್ಲಿ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟ ಒಂದು ತೇಗದ ಹಲಗೆಯಿದೆ. ಬೇರೆಯವರು ತವರಿನಿಂದ ಕಪಾಟು ತರುತ್ತಾರೆ, ಹಂಡೆ ತರುತ್ತಾರೆ. ಕಾಕು ಬೀಡಿ ಎಂಬ ಊರಿನ ತನ್ನ ತವರುಮನೆಯಿಂದ ಈ ಜೋಕಾಲಿಯನ್ನೇ ಕಳಚಿಕೊಂಡು, ಚಕ್ಕಡಿಯಲ್ಲಿ ಹೇರಿಕೊಂಡು ಗಂಡನ ಮನೆಗೆ ಬಂದವಳು. ಅದರ ಮೇಲೆ ನಿಮ್ಮನ್ನು ಕೂಡಿಸುತ್ತಾಳೆ. ಕೈಗೆ ತುಂಬಿದ ಮಜ್ಜಿಗೆಯ ವಾಟಿ ಕೊಡುತ್ತಾಳೆ. ಹಿಂದಿನಿಂದ ಒಂದು ದೂಡು ದೂಡುತ್ತಾಳೆ. ನೀವು ಪಾಪ, ಮಜ್ಜಿಗೆ ಚೆಲ್ಲಬಾರದೆಂದು ಒದ್ದಾಡುತ್ತೀರಿ; ಪರೀಕ್ಷೆ ಇರುವುದು ಮಜ್ಜಿಗೆಯಲ್ಲೇ ಎಂದು ತಿಳಿದಿರುತ್ತೀರಿ. ಅಲ್ಲ ಸ್ವಾಮಿ! ಮಜ್ಜಿಗೆ ಇರುವುದು ನಿಮ್ಮ ಲಕ್ಷ್ಯ ಅತ್ತ ಹೋಗಲಿ ಎಂದು. ಅಷ್ಟರಲ್ಲಿ ಕಾಕು ನಿಮ್ಮ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು ಕಾಲ್ಬೆರಳು ಓದುತ್ತಿರುತ್ತಾಳೆ.

"ಮಾರಿ ಸುಳ್ಳ ಹೇಳತೈತಿ ತಮ್ಮಾ. ಬಾಯಿ ಅಂತೂ ಕೇಳೂದ ಬ್ಯಾಡ. ಕಾಲಾಗಿನ ಬಟ್ಟಿಗೆ ಸುಳ್ಳ ಹೇಳೂದನ್ನ ಇನ್ನೂ ಯಾರೂ ಕಲಿಸಿಲ್ಲ ನೋಡು" ಎಂಬುದು ಅವಳ ಸಿದ್ಧಾಂತ. ಬಟ್ಟು ಎಂದರೆ ನಮ್ಮ ಕಡೆ ಬೆರಳು.

ಅದರಲ್ಲಿ ಒಳಭೇದಗಳೂ ಇವೆ. ಬೆರಳು ಕೋಳಿಯ ಕಾಲಿನ ಹಾಗೆ ಅಗಲವಾಗಿ ಬಿಚ್ಚಿಕೊಂಡರೆ ಅಂಥವರು ಏನನ್ನು ಬೇಕಾದರೂ ಹತ್ತಬಹುದು. ಹೆಬ್ಬೆರಳೊಂದೇ ಮೇಲೆದ್ದು ನಿಂತರೆ ಹಿಂದೆ ಮುಂದೆ ತೂಗುವುದು ಆಗುತ್ತದೆ, ಸುತ್ತು ಹೊಡೆಯುವುದು ಆಗುವುದಿಲ್ಲ. ಎಲ್ಲ ಬೆರಳೂ ಒಟ್ಟಿಗೆ ಮುದುಡಿಕೊಂಡವೋ, ಆ ಮನುಷ್ಯ ನೆಲಕ್ಕೆ ಮೀಸಲು! ಅವನು ಜಗಲಿಯ ಮೇಲೆ ಕೂತು ಉಳಿದವರ ಚಪ್ಪಲಿ ಕಾಯಬೇಕು.

ನನ್ನದು ಹೆಬ್ಬೆರಳೇಳುವ ಜಾತಿ. ನನ್ನ ಮದುವೆಯಾದ ಹೊಸತರಲ್ಲಿ ಬೆಳಗಾವಿಯಲ್ಲಿ ಒಂದು ವಸ್ತುಪ್ರದರ್ಶನ ಬಂದಿತ್ತು. ಅಲ್ಲಿ ದೊಡ್ಡ ದೊಡ್ಡ ಚಹದ ಕಪ್ಪುಗಳಲ್ಲಿ ಜನರನ್ನು ಕೂಡಿಸಿ ಗರಗರ ತಿರುಗಿಸುತ್ತಿದ್ದರು. "ನಿನಗ ಸುತ್ತು ಆಗಂಗಿಲ್ಲ ತಮ್ಮಾ" ಎಂದು ಕಾಕು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಧಾರವಾಡದಿಂದ ಬಂದ ಹೊಸ ಹೆಂಡತಿ ಪಕ್ಕದಲ್ಲಿ ನಿಂತಿರುವಾಗ ಗಂಡಸಾದವನು ಚಹದ ಕಪ್ಪಿಗೆ ಹೆದರುವುದುಂಟೇ? ಹತ್ತಿದೆ. ಬೆಳಗಾವಿಯ ಕುಂದಾ ಎಷ್ಟು ರುಚಿಯಾದ ಪದಾರ್ಥವೆಂದು ನಿಮಗೆ ಗೊತ್ತು. ಅದು ಬಂದ ದಾರಿಯಲ್ಲೇ ವಾಪಸು ಹೊರಟಾಗ ರುಚಿಯಾಗಿರುವುದಿಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು. ಕಪ್ಪು ನಿಂತು ಬಾಗಿಲು ತೆರೆದಾಗ ಕಾಕು ಒಂದು ಕೈಯಲ್ಲಿ ಬಾಯಿ ಬಿಚ್ಚಿದ ಪ್ಲಾಸ್ಟಿಕ್ ಚೀಲ, ಇನ್ನೊಂದು ಕೈಯಲ್ಲಿ ಅರ್ಧ ಹೆಚ್ಚಿದ ಲಿಂಬೆಹಣ್ಣು ಹಿಡಿದು ಸಿದ್ಧಳಾಗಿ ನಿಂತಿದ್ದಳು. ನನ್ನ ಹೆಂಡತಿ ಮಾತ್ರ ನಗುನಗುತ್ತ ಇಳಿದು, "ಇನ್ನೊಂದ ಸಲ ಹೋಗೂಣ್ರಿ?" ಎಂದಳು. ಅವಳದು ಕೋಳಿಯ ಕಾಲು. ಹೆಣ್ಣು ನೋಡಲು ಹೋದಾಗ ಕಾಕು ಅದನ್ನೇ ನೋಡಿಕೊಂಡು ಬಂದಿದ್ದಳು!

ಕಾಕುವಿನ ಖ್ಯಾತಿ ನಮ್ಮ ಮನೆತನದಲ್ಲೇ ನಿಂತಿದೆಯೆಂದು ತಿಳಿಯಬೇಡಿ. ಅವಳ ಬಾಜೂಮನೆಯಲ್ಲಿ ಒಬ್ಬ ಖಾಲಾ ಇದ್ದಾಳೆ. ಇಬ್ಬರ ನಡುವೆ ಇರುವುದು ಮೊಳಕಾಲೆತ್ತರದ ಒಂದು ಗೋಡೆ, ಅದರ ಮೇಲೆ ದಿನವಿಡೀ ವಾಟಿಗಳ ಓಡಾಟ. ಈ ಖಾಲಾಗೆ ಮಗ ಉಮ್ರಾ ಯಾತ್ರೆಗೆಂದು ವಿಮಾನದ ಟಿಕೆಟ್ ತೆಗೆಸಿದ. ಖಾಲಾ ಪಾಸ್‌ಪೋರ್ಟ್ ಬರುವ ಮೊದಲೇ ಗೋಡೆ ದಾಟಿ ಬಂದು ಜೋಕಾಲಿಯ ಮೇಲೆ ಕೂತುಬಿಟ್ಟಳು.

"ಕ್ಯಾ ಬೋಲ್ತೀ ಬೆಹೆನ್, ಬೈಠೂಂ ಕ್ಯಾ ನಕ್ಕೋ?"

ಕೂಡಲೋ ಬೇಡವೋ! ಕಾಕು ಜನ್ಮದಲ್ಲಿ ವಿಮಾನವನ್ನು ಹತ್ತಿರದಿಂದ ಕಂಡವಳಲ್ಲ. ಅದಕ್ಕೇನಂತೆ? ನನಗೆ ಫೋನು ಮಾಡಿ, ವಿಮಾನ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ನಡುವೆ ಏನು ಮಾಡುತ್ತದೆ ಎಂದು ವಕೀಲರ ಹಾಗೆ ಕೇಳಿದಳು. ನಾನು ಗೊತ್ತಿದ್ದಷ್ಟು ಹೇಳಿದೆ. "ಇಷ್ಟನ? ಹಂಗಾರ ಅದು ನಮ್ಮ ಖಾನಾಪುರ ಬಸ್ಸಿಗಿಂತ ಚಲೋ ಆತು" ಎಂದು ಫೋನಿಟ್ಟು, ಖಾಲಾನ ಬೆರಳು ನೋಡಿ, ಬಾಯಲ್ಲಿ ಲವಂಗ ಇಟ್ಟುಕೊಂಡು ಹೋಗಲು ಅಪ್ಪಣೆ ಕೊಟ್ಟಳು. ಖಾಲಾ ಹೋಗಿ ಸುಖವಾಗಿ ಬಂದಳು. ವಿಮಾನ ಜಿಗಿದಾಡಿದಾಗ ಸುತ್ತಲಿನವರು ಊಟ ಬಿಟ್ಟು ದೇವರನ್ನು ನೆನೆಯುತ್ತಿದ್ದರಂತೆ. ಇವಳು ಮಗನ ತಟ್ಟೆಯನ್ನೂ ಖಾಲಿ ಮಾಡಿದಳಂತೆ. ಪರೀಕ್ಷೆಯ ಫೀಜೆಂದು ಒಂದು ಡಬ್ಬಿ ಖಜೂರ ತಂದುಕೊಟ್ಟಳು. ಆಮೇಲೆ ಆ ಓಣಿಯಲ್ಲಿ ಚೋರ್ಲಾ ಘಾಟಿನ ಮೇಲೆ ಗೋವೆಗೆ ಹೋಗುವವರೆಲ್ಲ ಮೊದಲು ಕಾಕುವಿನ ಪಡಸಾಲೆಗೆ ಬಂದು ಬೆರಳು ತೋರಿಸಿ ಹೋಗುವುದು ರೂಢಿಯಾಯಿತು.

ಇಂಥ ಕಾಕುವಿಗೆ ದೇವರು ಎಂಥ ಗಂಡನನ್ನು ಕೊಟ್ಟಿದ್ದಾನೆ ಗೊತ್ತೇ? ಅದನ್ನು ಹೇಳದಿದ್ದರೆ ಕತೆಗೆ ಉಪ್ಪಿಲ್ಲ.

ನಮ್ಮ ಕಾಕಾ ಖಾನಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಅಲ್ಲಿ ದಿನವಿಡೀ ಕಲ್ಲು ಸುತ್ತುತ್ತದೆ, ಪಟ್ಟೆ ಓಡುತ್ತದೆ, ನೆಲ ಗಡಗಡ ನಡುಗುತ್ತದೆ. ಕಾಕಾನಿಗೆ ಏನೂ ಆಗುವುದಿಲ್ಲ. ಆದರೆ ಬೆಳಗಾವಿಯ ಬಸ್ಸು ಹತ್ತಿಸಿ ನೋಡಿ, ನಡುದಾರಿಯ ದೇಸೂರು ಬರುವುದರೊಳಗೆ ಅವನ ಮುಖ ಅವನೇ ಬೀಸಿದ ಹಿಟ್ಟಿನ ಬಣ್ಣಕ್ಕೆ ಬಂದಿರುತ್ತದೆ. ಒಮ್ಮೆ ಬೆಳಗಾವಿಯ ನಮ್ಮ ಮನೆಗೆ ಬಂದಾಗ ಎಲ್ಲರೂ ಸೇರಿ ಕೋಟೆ ಕೆರೆಗೆ ಹೋಗಿದ್ದೆವು. ನಾವೆಲ್ಲ ದೋಣಿ ಹತ್ತಿದೆವು. ಕಾಕಾ ಹತ್ತಲಿಲ್ಲ, ದಡದ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದ. ತಿರುಗಿ ಬಂದಾಗ ದಡದಲ್ಲಿ ಕೂತವನಿಗೇ ತಲೆ ತಿರುಗಿ ಅವನು ಹುಲ್ಲಿನ ಮೇಲೆ ಅಡ್ಡಾಗಿದ್ದ!

ಇವನು ಹೆಣ್ಣು ನೋಡಲು ಬೀಡಿಗೆ ಹೋದಾಗ ಆದದ್ದು ಇನ್ನೂ ಚೆಂದ. ಗಂಡು ಬಂತೆಂದು ಮರ್ಯಾದೆಯಿಂದ ಪಡಸಾಲೆಯ ಜೋಕಾಲಿಯ ಮೇಲೆ ಕೂಡಿಸಿದರು. ಈಗ ಖಾನಾಪುರದಲ್ಲಿ ಇರುವುದು ಅದೇ ಜೋಕಾಲಿ. ಭಾವಮೈದುನನಾಗುವವನು ಹಿಂದಿನಿಂದ ಮೆಲ್ಲಗೆ ತೂಗಿದನಂತೆ. ಕಾಕಾನ ಮುಖದಲ್ಲಿ ನಗು, ಕೈಯಲ್ಲಿ ಚುರುಮುರಿ ತಟ್ಟೆ. ಅಡುಗೆಮನೆಯ ಬಾಗಿಲ ಸಂದಿಯಿಂದ ಕಾಕು ನೋಡುತ್ತಿದ್ದಾಳೆ. ಏನನ್ನು? ಮತ್ತೆ ಕೇಳುತ್ತೀರಾ? ಹತ್ತೂ ಬೆರಳು ಮುದುಡಿ, ಜೋಕಾಲಿ ಹೋದಲ್ಲೆಲ್ಲ ನೆಲ ಹಿಡಿಯಲು ಹುಡುಕಾಡುತ್ತಿದ್ದವಂತೆ.

"ಮತ್ತ ಅಂಥಾ ಮನಿಷ್ಯಾನ್ನ ಯಾಕ ಒಪ್ಪಿಕೊಂಡೆವ್ವಾ ಕಾಕು? ನಿನ್ನ ಪರೀಕ್ಷಾದಾಗ ನಪಾಸ ಆಗಿದ್ನಲ್ಲ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ.

ಕೇಳಿದಾಗೊಮ್ಮೆ ಅವಳು, "ಆ ಹಾಲ ಉಕ್ಕತಾವೇನ ನೋಡತೇನಿ" ಎಂದು ಒಳಗೆ ಹೋಗಿಬಿಡುತ್ತಾಳೆ. ಕಾಕಾ ಮಾತ್ರ ಅವತ್ತಿನಿಂದ ಆ ಹಲಗೆಯ ಮೇಲೆ ಕೂತಿಲ್ಲ. ಅದರ ಎದುರು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತು ಚಹ ಕುಡಿಯುತ್ತಾನೆ.

ಅವನಲ್ಲಿ ಇನ್ನೊಂದು ದೋಷವಿದೆ, ಅದನ್ನೂ ಹೇಳಿಬಿಡುತ್ತೇನೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಬಾರದೆಂದು ವ್ರತ ಹಿಡಿದವನೇನಲ್ಲ, ಬರುವುದೇ ಇಲ್ಲ. ಒಮ್ಮೆ ಬೀಗರ ಎದುರು ಕಾಕು, "ಏನ್ರೀ, ಹೋಳಿಗಿ ಹೆಂಗಾಗ್ಯಾವು?" ಎಂದು ಆಸೆಯಿಂದ ಕೇಳಿದಳು. ಕಾಕಾ ಒಂದು ತುತ್ತು ಅಗಿದು, "ಹೂರ್ಣ ಹಳಸೇತಿ, ಬೀಗರಿಗೆ ಹಾಕಬ್ಯಾಡ" ಎಂದ. ಬೀಗರು ಅಷ್ಟರಲ್ಲಿ ಎರಡು ಮುಗಿಸಿದ್ದರು!

ಇನ್ನು ಪಂಚಮಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಹೆಣ್ಣುಮಕ್ಕಳ ಹಬ್ಬ ಎಂದರೆ ಜೋಕಾಲಿ. ಶೇಂಗಾ ಉಂಡೆ, ಎಳ್ಳುಂಡೆ, ಜೋಳದ ಅರಳು ತಿಂದು, ತವರಿಗೆ ಬಂದ ಹೆಣ್ಣುಮಕ್ಕಳು ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಸೀರೆಯ ಕಚ್ಚೆ ಬಿಗಿದು ನಿಂತು ಜೀಕುತ್ತಾರೆ. ಬೀಡಿಯಲ್ಲಿ ಕಾಕುವಿನ ತವರಿನ ಹಿತ್ತಲಿಗೆ ಹತ್ತಿ ಒಂದು ಹುಣಸೆಮರ. ಅದರ ಮೇಲಿನ ಕೊಂಬೆಗೆ ಕೊಬ್ಬರಿ ಬಟ್ಟಲು ಕಟ್ಟಿ, ಜೀಕಿಕೊಂಡು ಹೋಗಿ ಕಾಲಿನಿಂದ ಅದನ್ನು ಮುಟ್ಟಬೇಕು. ಕಾಕು ಮುಟ್ಟುತ್ತಿರಲಿಲ್ಲ, ಒದೆಯುತ್ತಿದ್ದಳು. ಬಟ್ಟಲು ಆಚೆ ಓಣಿಯಲ್ಲಿ ಯಾರದಾದರೂ ಹೆಂಚಿನ ಮೇಲೆ ಸಿಗುತ್ತಿತ್ತು! ಮದುವೆಯಾಗಿ ಮಕ್ಕಳಾಗಿ, ತಲೆ ಬೆಳ್ಳಗಾದ ಮೇಲೂ ಅವಳು ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಜೋಕಾಲಿ ಮೇಲೇರಿದಾಗ ಅವಳ ಮುಖವನ್ನು ನೀವು ನೋಡಬೇಕು. ದೇವರ ಮುಂದೆ ನಿಂತಾಗಲೂ ನಾನು ಆ ಮುಖ ಕಂಡಿಲ್ಲ.

ಹೋದ ಚಳಿಗಾಲದಲ್ಲಿ ಕಾಕುವಿಗೆ ಎದೆನೋವು ಬಂತು. ಬೆಳಗಾವಿಗೆ ತಂದು ಆಸ್ಪತ್ರೆಗೆ ಸೇರಿಸಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿದೆವು. ಬಿಡುಗಡೆಯ ದಿನ ಡಾಕ್ಟರು ಉಪ್ಪು ಕಡಿಮೆ, ಎಣ್ಣೆ ಕಡಿಮೆ ಎಂದೆಲ್ಲ ಹೇಳಿ, ಕೊನೆಗೆ "ಭಾರ ಎತ್ತಬ್ಯಾಡ್ರಿ, ಜೋಕಾಲಿ ಜೀಕೂದು, ಎತ್ತರಕ್ಕೆ ಹತ್ತೂದು ಎಲ್ಲಾ ಬಂದ್" ಎಂದರು. ಕಾಕು ಮಂಚದ ಮೇಲಿನಿಂದ ಬಗ್ಗಿ ಅವರ ಕಾಲು ನೋಡಿದಳು. ಡಾಕ್ಟರು ಹೊಳೆಯುವ ಬೂಟು ಹಾಕಿದ್ದರು.

ಅವರು ಹೋದ ಮೇಲೆ ಕಾಕು, "ಬೂಟು ಹಾಕ್ಕೊಂಡ ಮಂದಿ ಮಾತು ಹೆಂಗ ನಂಬೂದು?" ಎಂದಳು. "ಅಂವ ನನ್ನ ಎದಿ ನೋಡ್ಯಾನ, ಬಟ್ಟ ನೋಡಿಲ್ಲ."

ಅವತ್ತಿನಿಂದ ನಮಗೆಲ್ಲ ಒಂದೇ ಚಿಂತೆ. ಶ್ರಾವಣ ಬರುತ್ತದೆ, ಪಂಚಮಿ ಬರುತ್ತದೆ. ಕಾಕು ಬೀಡಿಗೆ ಹೋಗುತ್ತಾಳೆ, ಜೋಕಾಲಿ ಏರುತ್ತಾಳೆ. ಅವಳನ್ನು ತಡೆಯುವವರು ಯಾರು? ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಆ ಬೇಸಿಗೆಯಲ್ಲಿ ವಿದ್ಯುತ್ ತಂತಿಗೆ ಅಡ್ಡ ಬರುತ್ತದೆಂದು ಬೀಡಿಯ ಹುಣಸೆಮರದ ದೊಡ್ಡ ಕೊಂಬೆಗಳನ್ನೆಲ್ಲ ಕಡಿದರು. ಮರವಿದೆ, ಜೋಕಾಲಿ ಕಟ್ಟಲು ಕೊಂಬೆಯಿಲ್ಲ! ಕಾಕು ಆ ದಿನ ಊಟ ಮಾಡಲಿಲ್ಲವಂತೆ. ನಾವು ಬೆಳಗಾವಿಯಲ್ಲಿ ಒಳಗೊಳಗೇ ನಿಟ್ಟುಸಿರು ಬಿಟ್ಟೆವು.

ಆ ನಿಟ್ಟುಸಿರು ಬಹಳ ದಿನ ಉಳಿಯಲಿಲ್ಲ. ಕಾಕು ನಮ್ಮ ಮನೆಗೆ ಬಂದಾಗ ನನ್ನ ಮಗಳು ಊರ ಹೊರಗೆ ಹೊಸದಾಗಿ ಆಗಿರುವ ಪಾರ್ಕಿನ ವಿಡಿಯೋ ತೋರಿಸಿದಳು. ಅದರಲ್ಲಿ ಮನೆಯಷ್ಟು ದೊಡ್ಡ ಹಡಗೊಂದು ಜನರನ್ನು ತುಂಬಿಕೊಂಡು ಹಿಂದೆ ಮುಂದೆ ಜೀಕುತ್ತಿತ್ತು. ಆಕಾಶಕ್ಕೆ ಹೋಗಿ ನಿಂತಂತೆ ಮಾಡಿ, ದಡ್ಡನೆ ಕೆಳಗೆ ಬೀಳುತ್ತಿತ್ತು. ಕಾಕು ಕನ್ನಡಕ ಏರಿಸಿ ನೋಡಿದಳು. ಮತ್ತೆ ಮತ್ತೆ ನೋಡಿದಳು.

"ಏ, ಇದು ನಮ್ಮ ಪಂಚಮಿ ಜೋಕಾಲಿನ ಐತಲ್ಲ! ಮರಾ ಹೋದ್ರ ಹೋಗವಲ್ದು. ಈ ಸಲ ಪಂಚಮಿ ಇಲ್ಲೇ ಮಾಡೂಣು."

ಅವಳು ಖಾನಾಪುರಕ್ಕೆ ತಿರುಗಿ ಹೋದ ಮರುದಿನ ಕಾಕಾ ಗಿರಣಿಯಿಂದ ಫೋನು ಮಾಡಿದ. ಹಿಂದೆ ಕಲ್ಲಿನ ಸದ್ದು, ಅದರ ನಡುವೆ ಅವನ ಕೂಗು. "ತಮ್ಮಾ, ನೀ ಹೇಳೋ ಆಕಿಗೆ! ನನ್ನ ಮಾತು ಕೇಳಂಗಿಲ್ಲ."

"ನೀವ ಹೇಳ್ರಿ ಕಾಕಾ, ನೀವು ಗಂಡ."

"ಅದಕ್ಕ ಕೇಳಂಗಿಲ್ಲ!"

ನಾನು ಹೇಳುತ್ತೇನೆಂದು ಮಾತು ಕೊಟ್ಟೆ. ಆದರೆ ಹೆಂಡತಿಯೊಡನೆ ಖಾನಾಪುರಕ್ಕೆ ಹೋಗಿ ಕಾಕುವಿನ ಎದುರು ನಿಂತಾಗ ಮಾತು ಬಾಯಿಂದ ಹೊರಡಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಮಂಕಾಗಿದ್ದವಳು ಈಗ ಹಾಡು ಗುನುಗುತ್ತ ಶೇಂಗಾ ಹುರಿಯುತ್ತಿದ್ದಳು. ಅವಳಿಗೆ 'ನಿನಗ ಆಗಂಗಿಲ್ಲ' ಎಂದು ಹೇಳುವುದು ಹೇಗೆ? ಜನ್ಮವಿಡೀ ಆ ಮಾತನ್ನು ಊರಿಗೆಲ್ಲ ಹೇಳಿದವಳು ಅವಳು. ಅವಳಿಗೆ ಅದನ್ನು ಹೇಳುವ ಅಧಿಕಾರ ನಮ್ಮಲ್ಲಿ ಯಾರಿಗಿದೆ? 'ನೀನೇ ಹೇಳು' ಎಂದು ಹೆಂಡತಿಯನ್ನು ಕಳಿಸಿದೆ. ಅವಳೂ ಹೋದಳು, ಬಾಯಲ್ಲಿ ಒಂದು ಉಂಡೆ ತುರುಕಿಸಿಕೊಂಡು ತಿರುಗಿ ಬಂದಳು.

ಕೊನೆಗೆ ನಾವೆಲ್ಲ ಭರವಸೆ ಇಟ್ಟದ್ದು ಪಾರ್ಕಿನವರ ಬೋರ್ಡಿನ ಮೇಲೆ. ಹೃದಯದ ತೊಂದರೆ ಇರುವವರು ಹತ್ತಬಾರದು ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಅದನ್ನು ಓದಿಯಾದರೂ ಸುಮ್ಮನಾಗುತ್ತಾಳೆ ಎಂದುಕೊಂಡೆವು.

ಪಂಚಮಿಯ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕಾಕಾ ಬಸ್ಸಿನಲ್ಲಿ ಲಿಂಬೆಹಣ್ಣು ಮೂಸುತ್ತ ಬಂದು ಇಳಿದ. ಕಾಕು ಹಸಿರು ಇಳಕಲ್ ಸೀರೆಯ ಕಚ್ಚೆ ಹಾಕಿ, ಉಂಡೆಯ ಡಬ್ಬಿ ಹಿಡಿದು ಇಳಿದಳು. ಪಾರ್ಕಿನ ಬಾಗಿಲಲ್ಲಿ ತಿನಿಸು ಒಯ್ಯುವಂತಿಲ್ಲ ಎಂದರು. "ಪಂಚಮಿ ಉಂಡಿರೀ ಇವು, ತಿನಿಸಲ್ಲ" ಎಂದು ಅಲ್ಲಿ ನಿಂತವನ ಕೈಗೆ ಒಂದು ಕೊಟ್ಟಳು. ಅವನಿಗೆ ಎರಡನೆಯದು ಕೊಡುವಷ್ಟರಲ್ಲಿ ಡಬ್ಬಿ ಒಳಗೆ ಬಂದಿತ್ತು.

ಹಡಗಿನ ಎದುರಿಗೆ ಒಂದು ಗಿಡ್ಡ ಕಟ್ಟೆ. ಕಾಕು ಅಲ್ಲೇ ತನ್ನ ಪರೀಕ್ಷೆ ಶುರು ಮಾಡಿದಳು. ಇಲ್ಲಿ ಮಜ್ಜಿಗೆಯ ಗೊಡವೆಯಿಲ್ಲ. ಬರಿಗಾಲು ಇಳಿಬಿಟ್ಟು ಕಟ್ಟೆಯ ಮೇಲೆ ಕೂಡಬೇಕು, ಕಣ್ಣು ಹಡಗಿನ ಮೇಲೆ ಇಡಬೇಕು. ಹಡಗು ಬೀಳುವಾಗ ಬೆರಳು ಏನು ಮಾಡುತ್ತವೋ ಅದೇ ಉತ್ತರ. ನನ್ನ ಹೆಂಡತಿ ಪಾಸು. ಮಗಳು ಪಾಸು. ನಾನು ಹಿಂದೆ ಮುಂದೆ ಆಗುವ ಜಾತಿಯಾದ್ದರಿಂದ ನಡುವಿನ ಸೀಟಿನಲ್ಲಿ ಕೂತರೆ ಪಾಸು. ಸಾಲಿನಲ್ಲಿ ನಿಂತ ಅಪರಿಚಿತರೂ ಕುತೂಹಲದಿಂದ ಬಂದು ಕಾಲು ತೋರಿಸತೊಡಗಿದರು. ಜೀನ್ಸ್ ತೊಟ್ಟ ಒಬ್ಬ ದಾಂಡಿಗನಿಗೆ, "ನಿನಗ ಆಗಂಗಿಲ್ಲಪಾ, ಹೋಗಿ ಐಸ್ಕ್ರೀಮ್ ತಿನ್ನು" ಎಂದಳು. ಅವನ ಗೆಳೆಯರು ನಕ್ಕರು. ಅವನು ಜಿದ್ದಿಗೆ ಹತ್ತಿದ. ಇಳಿದಾಗ ಅವನನ್ನು ಇಬ್ಬರು ಹಿಡಿದುಕೊಂಡಿದ್ದರು. ಕಾಕು ಸೆರಗಿನ ಗಂಟು ಬಿಚ್ಚಿ ಲವಂಗ ಕೊಟ್ಟಳು.

ಆಮೇಲೆ ಅರಿಶಿನ ಕುಂಕುಮದ ಭರಣಿ ತೆಗೆದು ಹಡಗಿನ ಕಬ್ಬಿಣದ ಕಂಬದತ್ತ ನಡೆದಳು. ಜೋಕಾಲಿ ಏರುವ ಮೊದಲು ಹಗ್ಗಕ್ಕೆ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಸೀಟಿ ಹಿಡಿದುಕೊಂಡಿದ್ದ ಮೀಸೆಯ ಮನುಷ್ಯ ಗಾಬರಿಯಾಗಿ ಓಡಿ ಬಂದ. ಮಷೀನಿಗೆ ಏನೋ ಹಚ್ಚುತ್ತಿದ್ದಾಳೆ ಮುದುಕಿ! ಆದರೆ ಕುಂಕುಮ ನೋಡಿ ಅವನ ಕೈ ತಾನೇ ಎದೆಗೆ ಹೋಗಿ ನಮಸ್ಕಾರ ಮಾಡಿತು.

"ಅಜ್ಜಿ, ನೀವೂ ಹತ್ತತೀರೇನ್ರಿ?"

"ಮತ್ತ? ಅದಕ್ಕ ಬಂದೇನಿ."

ಅವನು ಬೋರ್ಡು ತೋರಿಸಿದ. ನಾವೂ ಹಿಂದೆ ಹೋಗಿ ನಿಂತೆವು. ಕಾಕು ಕನ್ನಡಕ ಹಾಕಿ ಅಕ್ಷರ ಅಕ್ಷರ ಓದಿದಳು. ಹೃದಯ, ಬೆನ್ನು, ಕುತ್ತಿಗೆ, ರಕ್ತದೊತ್ತಡ, ಬಸುರಿಯರು.

"ಇದನ್ನ ಬರದಾಂವ ನನ್ನ ಬಟ್ಟ ನೋಡ್ಯಾನೇನು?"

"ಅದೆಲ್ಲಾ ನನಗ ಗೊತ್ತಿಲ್ರಿ ಅಜ್ಜಿ. ನಿಮಗ ಆಗತೈತೋ ಇಲ್ಲೋ ನೀವ ನೋಡ್ಕೊಬೇಕು. ನಿಮ್ಮ ಜೀವಾ ನಿಮಗ ಗೊತ್ತು" ಎಂದ ಆ ಮನುಷ್ಯ.

ಕಾಕು ಅವನ ಮುಖ ನೋಡಿದಳು. ಅಪರೂಪಕ್ಕೆ ಮೊದಲು ಮುಖವನ್ನೇ ನೋಡಿದಳು. "ಖರೇ ಮಾತು. ನಾನೂ ನೋಡ್ಕೊಬೇಕು. ಮಂದಿಗೊಂದು ಕಾನೂನು, ನನಗೊಂದು ಕಾನೂನು ಆಗಬಾರ್ದು" ಎಂದು ತಿರುಗಿ ಬಂದು, ಕಟ್ಟೆಯ ಮೇಲೆ ಕೂತು, ಚಪ್ಪಲಿ ಬಿಚ್ಚಿದಳು.

ಅಲ್ಲಿ ಒಂದು ತೊಡಕು ಬಂತು. ಕಣ್ಣು ಹಡಗಿನ ಮೇಲಿರಬೇಕಾದರೆ ತನ್ನ ಬೆರಳು ತಾನೇ ನೋಡುವುದು ಹೇಗೆ? ಯಾರಾದರೂ ನೋಡಿ ಹೇಳಬೇಕು. ನಾನು ಮುಂದೆ ಬಂದೆ.

"ನೀ ಬ್ಯಾಡ, ನೀ ಸುಳ್ಳ ಹೇಳತಿ" ಎಂದಳು. ನನ್ನ ಹೆಂಡತಿಯತ್ತ ನೋಡಿ, "ನೀನೂ ಹೇಳತಿಯವ್ವಾ, ನನ್ನ ಮ್ಯಾಲಿನ ಜೀವಕ್ಕ" ಎಂದಳು. ಆಮೇಲೆ ಕಾಕಾನತ್ತ ತಿರುಗಿದಳು. "ಏನ್ರೀ, ನೀವ ನೋಡ್ರಿ. ನಿಮಗ ಸುಳ್ಳ ಹೇಳಾಕ ಬರಂಗಿಲ್ಲ. ಮುದುಡ್ಯಾವಂದ್ರ ಮುದುಡ್ಯಾವು, ಇಲ್ಲಂದ್ರ ಇಲ್ಲ. ನೀವು ಹೇಳಿದ್ದು ಖರೇ."

ಕಾಕಾ ಅವಳ ಎದುರು ಒದ್ದೆ ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಅವನ ಚಪ್ಪಲಿಗಳು ಹಿಂದೆ ಜಾರಿ ಉಳಿದವು. ಹಡಗು ಮೆಲ್ಲಗೆ ಶುರುವಾಗಿ, ಜೀಕಿ ಜೀಕಿ ಆಕಾಶಕ್ಕೆ ಏರಿತು. ಕಾಕು ಕತ್ತೆತ್ತಿ ನೋಡುತ್ತಿದ್ದಳು. ಬೀಡಿಯ ಹುಣಸೆಮರದ ಕೆಳಗಿನ ಅದೇ ಮುಖ. ನಾನು ಕಾಕಾನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಹಡಗು ದಡ್ಡನೆ ಬಿತ್ತು. ಜನ ಚೀರಿದರು. ಕಾಲುಂಗುರ ತೊಟ್ಟ ಆ ಬೆರಳುಗಳು ಕೋಳಿಯ ಕಾಲಿನ ಹಾಗೆ ಅಗಲವಾಗಿ ಬಿಚ್ಚಿಕೊಂಡು, ಮುಂದೆ ಚಾಚಿ, ಕಾಣದ ಕೊಬ್ಬರಿ ಬಟ್ಟಲೊಂದನ್ನು ಒದೆಯಲು ಸಿದ್ಧವಾಗಿದ್ದವು. ಒಂದು ಬೆರಳೂ ಮುದುಡಿರಲಿಲ್ಲ. ನಾನು ನನ್ನ ಕಣ್ಣಾರೆ ನೋಡಿದೆ. ಕಾಕಾನೂ ನೋಡಿದ.

ಇನ್ನು ಇವಳನ್ನು ಹಿಡಿಯುವವರಿಲ್ಲ!

"ಏನ್ರೀ, ಹೇಳ್ರಿ" ಎಂದಳು ಕಾಕು, ಕಣ್ಣು ಇನ್ನೂ ಮೇಲೆ.

ಕಾಕಾ ಆ ಬೆರಳುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಹೇಳಿದ: "ಮುದುಡ್ಯಾವು."

"ಎಲ್ಲಾನೂ?"

"ಎಲ್ಲಾನೂ."

ಕಾಕು ಹಡಗಿನಿಂದ ಕಣ್ಣು ಕೆಳಗಿಳಿಸಿದಳು. ತನ್ನ ಕಾಲು ನೋಡಿಕೊಳ್ಳುತ್ತಾಳೆ, ಸುಳ್ಳು ಹಿಡಿಯುತ್ತಾಳೆ, ಕಾಕಾ ಕೆಟ್ಟ ಎಂದುಕೊಂಡೆ. ಅವಳು ತನ್ನ ಕಾಲಿನ ಕಡೆ ನೋಡಲಿಲ್ಲ. ರೂಢಿಯಂತೆ ಎದುರಿಗೆ ಕೂತವನ ಕಾಲನ್ನೇ ನೋಡಿದಳು. ಹಿಟ್ಟಿನ ಬಿಳುಪು ಅಂಟಿದ ಕಾಕಾನ ಹತ್ತೂ ಬೆರಳುಗಳು ಮುದುಡಿ, ಉಗುರು ಬಿಳಿಚಿ, ಒದ್ದೆ ಸಿಮೆಂಟನ್ನು ಕಚ್ಚಿ ಹಿಡಿದಿದ್ದವು. ಗಟ್ಟಿ ನೆಲದ ಮೇಲೆ ಕೂತ ಮನುಷ್ಯ ಬೀಳುವವನ ಹಾಗೆ ನೆಲ ಹಿಡಿದುಕೊಂಡಿದ್ದ.

ಕಾಕು ಬಹಳ ಹೊತ್ತು ಆ ಕಾಲುಗಳನ್ನು ನೋಡಿದಳು. ಹಡಗು ಇನ್ನೆರಡು ಸಲ ಏರಿ ಇಳಿಯಿತು, ಅವಳು ಅತ್ತ ಕತ್ತೆತ್ತಲಿಲ್ಲ.

"ಹೌದ್ರಿ" ಎಂದಳು ಕೊನೆಗೆ. "ಮುದುಡ್ಯಾವು ಖರೇ. ನನಗ ಆಗಂಗಿಲ್ಲ ಅದು, ಬಿಡ್ರಿ."

ಚಪ್ಪಲಿ ಮೆಟ್ಟಿಕೊಂಡಳು. ಕಾಕಾನ ಚಪ್ಪಲಿಗಳನ್ನು ಕಾಲಿನಿಂದಲೇ ಸರಿಸಿ ಅವನ ಮುಂದಿಟ್ಟಳು. ನಮ್ಮನ್ನು ಗದರಿಸಿದಳು: "ನೀವೇನ ನೋಡಕೋತ ನಿಂತೀರಿ? ಹೋಗಿ ಹತ್ತ್ರಿ. ತಮ್ಮಾ, ನಡಕಿನ ಸೀಟ ಹಿಡಿ. ಕಣ್ಣ ಮುಚ್ಚಬ್ಯಾಡ್ರಿ ಮತ್ತ, ಮ್ಯಾಲಿಂದ ಏನೇನ ಕಾಣತೈತಿ ಇಳದ ಮ್ಯಾಲ ನನಗ ಹೇಳಬೇಕು." ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಹಡಗಿನ ಹೆದರಿಕೆಗೆ ಎಂದು ಮಗಳು ತಿಳಿದುಕೊಂಡಳು, ಒಳ್ಳೆಯದೇ ಆಯಿತು.

ನಾವು ಹತ್ತಿದೆವು. ನಾನು ಕಣ್ಣು ಮುಚ್ಚಲಿಲ್ಲ. ಹಡಗು ಮೇಲೇರಿದಾಗ ನನಗೆ ದೂರದ ಗುಡ್ಡಗಳು ಕಾಣಲಿಲ್ಲ, ಊರೂ ಕಾಣಲಿಲ್ಲ. ಪಾರ್ಕಿನ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಸಣ್ಣವರಿಗೂ ಮುದುಕರಿಗೂ ಎಂದು ಹಾಕಿದ್ದ ಒಂದು ಕಬ್ಬಿಣದ ಜೋಕಾಲಿ ಕಂಡಿತು. ಇಬ್ಬರು ಕೂಡುವಂಥದ್ದು. ಅದರ ಮೇಲೆ ಕಾಕಾ ಮೊದಲು ಹೋಗಿ ಕೂತ. ಹೌದು, ನಮ್ಮ ಕಾಕಾ! ಬೀಡಿಯ ಪಡಸಾಲೆಯಿಂದ ಇಳಿದ ಮೇಲೆ ಮೊದಲ ಸಲ. ಪಕ್ಕದ ಜಾಗವನ್ನು ಕೈಯಿಂದ ಒರೆಸಿ ಕಾಕುವನ್ನು ಕರೆದ.

ನಾವು ಇಳಿದು ಬಂದಾಗ ಇಬ್ಬರೂ ಮೆಲ್ಲಗೆ ತೂಗುತ್ತಿದ್ದರು. ಉಂಡೆಯ ಡಬ್ಬಿ ನಡುವೆ ಇತ್ತು. ಕಾಕಾ ಕಣ್ಣು ಮುಚ್ಚಿದ್ದ, ಒಂದು ಕೈ ಸರಪಳಿ ಹಿಡಿದಿತ್ತು, ಇನ್ನೊಂದು ಕೈ ಕಾಕುವಿನ ಮಣಿಕಟ್ಟು ಹಿಡಿದಿತ್ತು. ಮುಖ ಹಿಟ್ಟಿನ ಬಣ್ಣಕ್ಕೆ ಬಂದಿತ್ತು. ಚಪ್ಪಲಿಯೊಳಗೆ ಹತ್ತೂ ಬೆರಳು ಮುದುಡಿದ್ದವು.

ಕಾಕು ಬಗ್ಗಿ ನೋಡಿ ನನಗೆ ಸನ್ನೆ ಮಾಡಿದಳು. "ನೋಡಲೇ ತಮ್ಮಾ. ಯಾಕ ಒಪ್ಪಿಕೊಂಡಿ, ಯಾಕ ಒಪ್ಪಿಕೊಂಡಿ ಅಂತ ಕೇಳತಿದ್ದಿಯಲ್ಲ? ಅವತ್ತೂ ಹಿಂಗ. ಇಷ್ಟು ಹೆದರಿದ್ರೂ ಇಳೀಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿ, ಊರಿಗೆಲ್ಲ ತೀರ್ಪು ಕೊಡುವ ಅದೇ ಧ್ವನಿಯಲ್ಲಿ ಹೇಳಿದಳು: "ನಿಮಗ ಆಗಂಗಿಲ್ರಿ ಇದು. ಇಳೀರಿನ್ನ."

ಕಾಕಾ ಕಣ್ಣು ತೆರೆಯಲಿಲ್ಲ.

"ಆಗದಿದ್ರ ಆಗವಲ್ದು. ನೀ ತೂಗು" ಎಂದ.

ಕಾಕು ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತಿದಳು.